ಉತ್ತರಿ ಮಳೆಯಲ್ಲಿ ಕಳೆದುಹೋದ ಎರಡು ಎಚ್ಚರಿಕೆಗಳು

ಮೊನ್ನೆ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೊರಟವಳು ಶಿರಹಟ್ಟಿಯಲ್ಲಿ ಟಂಟಂ ಆಟೋ ಹತ್ತಿ, ಅದು ಹೊರಡುವ ಮೊದಲೇ ಇಳಿದುಬಿಟ್ಟೆ. ಒಳಗೆ ಯಾರೋ ಉಳ್ಳಾಗಡ್ಡಿ ಚೀಲ ಇಟ್ಟಿದ್ದರು. ಚೀಲ ಒದ್ದೆಯಾಗಿತ್ತು. ಒದ್ದೆ ಗೋಣಿ, ಕೊಳೆಯಲು ಹತ್ತಿದ ಉಳ್ಳಾಗಡ್ಡಿ, ಡೀಸೆಲ್ ಹೊಗೆ ಇವೆಲ್ಲ ಕೂಡಿದ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಎಡಗೈ ತಾನಾಗಿ ಮುಷ್ಟಿ ಹಿಡಿಯುತ್ತದೆ. "ಯಾಕ್ರಿ ಅಕ್ಕಾರ, ಸೀಟ್ ಐತೆಲ್ಲ" ಎಂದ ಡ್ರೈವರ್. ಬಸ್ಸಿಗೆ ಬರುತ್ತೇನೆ ಎಂದು ಹೇಳಿ ದೂರ ಹೋಗಿ ನಿಂತೆ.

ಆದದ್ದು ಆಗಿಹೋಯಿತು, ಮರೆತುಬಿಡು ಎನ್ನುವವರು ಮನೆಯಲ್ಲೂ ಇದ್ದಾರೆ, ಹೊರಗೂ ಇದ್ದಾರೆ. ಮರೆಯುವ ಮನಸ್ಸು ನನಗಿಲ್ಲ. ನಾನು ಮರೆತರೆ ನನ್ನ ಹಳೆಯ ಕಚೇರಿಯ ಆನಂದ ಸರ್ ಹೇಳಿದ ಕತೆಯೇ ನಿಜ ಎಂದು ಉಳಿದುಹೋಗುತ್ತದೆ.

ಆ ವರ್ಷ ನಾನು ಗದಗಿನಲ್ಲಿ, ಬೆಟಗೇರಿ ಕಡೆ ಹೋಗುವ ರಸ್ತೆಯ ಮೇಲೆ, ಒಂದು ಸಣ್ಣ ಖಾಸಗಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಕೆಳಗೆ ಸೀರೆ ಅಂಗಡಿ, ಮೇಲೆ ನಾವು. ಧಾರವಾಡದಲ್ಲಿ ಭೂಗೋಳ ಎಂ.ಎಸ್ಸಿ. ಮುಗಿಸಿ ಬಂದವಳಿಗೆ ಅಲ್ಲಿ ಸಿಕ್ಕ ಕೆಲಸ ನಕ್ಷೆ ಪರೀಕ್ಷಿಸುವುದು. ಗೆರೆಗೆ ಗೆರೆ ಕೂಡಿದೆಯೇ, ಊರ ಹೆಸರು ಊರ ಮೇಲೇ ಇದೆಯೇ, ರಸ್ತೆ ಹೋಗಿ ಯಾರದಾದರೂ ಹೊಲದೊಳಗೆ ಹೊಕ್ಕಿದೆಯೇ ಎಂದು ದಿನವಿಡೀ ನೋಡುತ್ತ ಕೂರುವುದು. ಕಚೇರಿ ಕಟ್ಟಿದವರು ಆನಂದ ಸರ್. ನಾವು ಬಳಸುತ್ತಿದ್ದ ತಂತ್ರಾಂಶವನ್ನು ಅವರೇ, ಕಚೇರಿಯಲ್ಲಿ ಅವರೊಬ್ಬರೇ ಇದ್ದ ಕಾಲದಲ್ಲಿ ಕೂತು ಬರೆದಿದ್ದರು. ಮನುಷ್ಯ ಕೆಟ್ಟವರಲ್ಲ. ಯಾರಿಗಾದರೂ ಜ್ವರ ಬಂದರೆ ತಾವೇ ಗಾಡಿಯಲ್ಲಿ ಮನೆ ಮುಟ್ಟಿಸುತ್ತಿದ್ದರು. ಆ ತಂತ್ರಾಂಶದ ಬಗ್ಗೆ ಮಾತ್ರ ಒಂದು ಮಾತು ಎತ್ತುವಂತಿರಲಿಲ್ಲ. ಎತ್ತಿದರೆ ಮಗಳ ಮದುವೆಗೆ ಅಡ್ಡಿ ಹೇಳಿದವರನ್ನು ನೋಡುವ ಹಾಗೆ ನೋಡುತ್ತಿದ್ದರು.

ನಕ್ಷೆ ಎಂದರೆ ಗೆರೆ, ಬಣ್ಣ ಅಷ್ಟೇ ಅಲ್ಲ. ಅದರ ಬೆನ್ನಿಗೆ ಇನ್ನಷ್ಟು ಮಾಹಿತಿ ಇರುತ್ತದೆ: ಇದನ್ನು ಯಾರು ಅಳೆದರು, ಯಾವ ಕಾಲದಲ್ಲಿ ಅಳೆದರು, ಎಷ್ಟು ನಂಬಬಹುದು, ಎಲ್ಲಿ ನಂಬಬಾರದು. ಮೆಟಾಡೇಟಾ ಎನ್ನುವುದು ಇದಕ್ಕೇ. ಹೊಲ, ಹಳ್ಳ ಸುತ್ತಿ ಅಳತೆ ಮಾಡುವವರ ಟ್ಯಾಬ್ಲೆಟ್ಟು ಇದನ್ನು ಎಕ್ಸ್‌ಎಂಎಲ್ ಎಂಬ ರೀತಿಯಲ್ಲಿ ಬರೆದು ಕಳಿಸುತ್ತದೆ. ಪ್ರತಿ ಸಂಗತಿಗೂ ಅದರ ಹೆಸರು ಬರೆದ ಚೀಟಿ ಹಚ್ಚಿದ ಹಾಗೆ, ಯಾವ ಊರಿನ ಯಾವ ಯಂತ್ರ ಓದಿದರೂ ತಿಳಿಯಬೇಕು ಎಂಬ ಉದ್ದೇಶ. ಆ ಚೀಟಿಗೆ ಟ್ಯಾಗ್ ಎನ್ನುತ್ತಾರೆ. ಆನಂದ ಸರ್ ಅವರ ತಂತ್ರಾಂಶ ಆ ಎಕ್ಸ್‌ಎಂಎಲ್ ಓದಿ, ಖಾನೆಗಳಿರುವ ಒಂದು ಪೆಟ್ಟಿಗೆಯಂತೆ ತನ್ನೊಳಗೆ ಇಟ್ಟುಕೊಳ್ಳುತ್ತಿತ್ತು. ನಾವು ನಕ್ಷೆ ತಿದ್ದಿ ಮುಗಿಸಿದ ಮೇಲೆ ಪೆಟ್ಟಿಗೆಯಲ್ಲಿದ್ದದ್ದನ್ನು ಮತ್ತೆ ಎಕ್ಸ್‌ಎಂಎಲ್ ಮಾಡಿ ಹೊರಗೆ ಕಳಿಸುತ್ತಿತ್ತು. ಒಳಗೆ ಹೋದದ್ದೇ ಹೊರಗೆ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಲಲಿತಾ ಒಬ್ಬಳು ನಂಬಿರಲಿಲ್ಲ.

ಲಲಿತಾ ನಮ್ಮ ಕಚೇರಿಯ ಸರ್ವೇಯರ್. ಹಿರೇಹಂದಿಗೋಳದ ರೈತರ ಮನೆಯವಳು, ಸಿವಿಲ್ ಡಿಪ್ಲೊಮಾ ಮಾಡಿದವಳು, ತಾನು ಬಂದ ಸುದ್ದಿ ಮೆಟ್ಟಿಲ ಬುಡದಲ್ಲೇ ತಿಳಿಯುವಂಥ ದನಿಯವಳು. ಕಿಸೆಯಲ್ಲಿ ಯಾವಾಗಲೂ ಹುರಿದ ಶೇಂಗಾ. ತನ್ನ ಕೆಲಸದ ಬಗ್ಗೆ ಅವಳಿಗೆ ವಿನಯ ಎಂಬುದು ಇರಲೇ ಇಲ್ಲ. ನನ್ನಷ್ಟು ಚೊಲೊ ಅಳೆಯುವವರು ಈ ಜಿಲ್ಲೆಯಲ್ಲಿ ಇದ್ದರೆ ತೋರಿಸಿ ಎಂದು ಎದುರಿಗೇ ಕೇಳುತ್ತಿದ್ದಳು.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತಂತೆ. ಬೇರೆ ಊರಿನ ಬೀಗರಿಗೆ ಸಾವಿನ ಸುದ್ದಿ ಮುಟ್ಟಿಸಲು ಯಾರನ್ನಾದರೂ ಕಳಿಸುವಾಗ, ಹೊರಡುವ ಮೊದಲು ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಹೇಳಿದ್ದನ್ನೆಲ್ಲ ತಿರುಗಿ ಹೇಳಿಸುತ್ತಿದ್ದರು. ಯಾರು ಹೋದರು, ಮಣ್ಣು ಎಷ್ಟೊತ್ತಿಗೆ, ಯಾರ ಹಾದಿ ಕಾಯುತ್ತಿದ್ದೇವೆ. ಇದರಲ್ಲಿ ಒಂದು ಬಿಟ್ಟರೂ ಅವನನ್ನು ಕಳಿಸುತ್ತಿರಲಿಲ್ಲ. ಫೋನು ಬಂದ ಮೇಲೂ ಲಲಿತಾಳ ಅಜ್ಜಿ, ಆ ಕಡೆಯವರು ತಿರುಗಿ ಹೇಳುವ ತನಕ ಫೋನ್ ಇಡುತ್ತಿರಲಿಲ್ಲವಂತೆ. ಇದನ್ನು ಹೇಳಿ ಲಲಿತಾ ಆನಂದ ಸರ್ ಹತ್ತಿರ ಎಷ್ಟೋ ಸಲ ಕೇಳಿದ್ದಳು. ನಾನು ಕಳಿಸಿದ್ದನ್ನು ನಿಮ್ಮ ತಂತ್ರಾಂಶದಿಂದ ತಿರುಗಿ ಹೇಳಿಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ ಎಂದು. ಅವರು ನಕ್ಕು, "ಇದು ಸಾವಿನ ಸುದ್ದಿ ಅಲ್ಲ ಲಲಿತಾ, ಬರೀ ಟ್ಯಾಗ್" ಎಂದಿದ್ದರು.

ಆ ಬೇಸಿಗೆಯಲ್ಲಿ ನಮಗೆ ಬಂದ ಕೆಲಸ ಮುಂಡರಗಿ ಕಡೆಯ ಹಳ್ಳಿಗಳ ಮಳೆಗಾಲದ ಹಾದಿಗಳ ನಕ್ಷೆ. ದೊಡ್ಡ ರಸ್ತೆ ಕಟ್ಟಾದರೆ ಯಾವ ಹಾದಿ ಹಿಡಿಯಬೇಕು ಎಂಬುದನ್ನು ಫೋನಿನಲ್ಲಿ ಹಸಿರು, ಕೆಂಪು ಗೆರೆಗಳಲ್ಲಿ ತೋರಿಸುವುದು. ಲಲಿತಾ ಸಿಂಗಟಾಲೂರಿನ ಆಚೆಈಚೆ ಬಿಸಿಲಲ್ಲಿ ತಿಂಗಳುಗಟ್ಟಲೆ ಅಲೆದಳು. ಅಲ್ಲಿ ಎರಿ, ಅಂದರೆ ಕಪ್ಪುಮಣ್ಣಿನ ಹೊಲದ ಒಂದು ಹಾದಿ ಗೌರವ್ವನ ಹಳ್ಳ ಎಂಬ ತಗ್ಗಿಗೆ ಇಳಿದು ಹತ್ತುತ್ತದೆ. ಬೇಸಿಗೆಯಲ್ಲಿ ಅದು ಹಳ್ಳವೆಂದೇ ತಿಳಿಯುವುದಿಲ್ಲ. ಅಲ್ಲಿ ಆಡು ಮೇಯಿಸುತ್ತಿದ್ದ ಹನುಮವ್ವ ಎಂಬ ಮುದುಕಿ ಅವಳಿಗೆ ಹೇಳಿದ್ದಳು, ಮೇಲಿನ ಕೆರೆ ಕೋಡಿ ಬಿದ್ದರೆ ಇಲ್ಲಿ ಬಿಸಿಲಿದ್ದಾಗಲೂ ನೀರು ಬರುತ್ತದೆ ಎಂದು. ಲಲಿತಾ ಅದನ್ನು ಹನುಮವ್ವನ ಹೆಸರಿನಲ್ಲೇ ಒಂದು ಎಚ್ಚರಿಕೆಯಾಗಿ ಬರೆದಳು. ತಗ್ಗಿನ ತಳದಲ್ಲಿ ಜಾಲಿಕಂಟಿ ತುಂಬಿ ಅಳತೆ ಸಿಕ್ಕಿರಲಿಲ್ಲ. ಎರಡೂ ದಂಡೆಯಿಂದ ಅಂದಾಜು ಮಾಡಿದ್ದೇನೆ, ಈ ಎತ್ತರ ನಂಬಬೇಡಿ ಎಂದು ತನ್ನ ಹೆಸರಿನಲ್ಲಿ ಇನ್ನೊಂದು ಎಚ್ಚರಿಕೆ ಬರೆದಳು. ಮೂರನೆಯದನ್ನು ಯಾರೂ ಬರೆಯಬೇಕಾಗಿರಲಿಲ್ಲ. ಈ ನಕ್ಷೆ ಮಾಹಿತಿಗಾಗಿ ಮಾತ್ರ, ಹೊಣೆ ನಮ್ಮದಲ್ಲ ಎಂಬ ಕಚೇರಿಯ ಸಾಲು ಪ್ರತಿ ಕಡತದ ಕೊನೆಗೆ ತಾನಾಗಿಯೇ ಸೇರುತ್ತಿತ್ತು. ಮೂರಕ್ಕೂ ಒಂದೇ ಹೆಸರಿನ ಟ್ಯಾಗ್.

ಹುಬ್ಬಿ ಮಳೆ ಹುಸಿಹೋಯಿತು. ಅದರ ಮುಂದಿನ ಉತ್ತರಿ ನಕ್ಷತ್ರದ ಮಳೆ ಹಿಡಿಯಿತು. ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಸರಿಯಾಗಿ ಜಡಿಮಳೆ. ಹೊಲದಲ್ಲಿ ಕಿತ್ತು ಹಾಕಿದ ಗಡ್ಡೆ ಹಾಗೇ ಕೊಳೆಯುತ್ತಿತ್ತು. ಒಂದು ದಿನ ಮಳೆ ಬಿಟ್ಟು ಬಿಸಿಲು ಬಿತ್ತು. ನಾನು ಆ ದಿನ ಹಳ್ಳಿಗಳ ಹೆಸರು ಖಾತ್ರಿ ಮಾಡಿಕೊಳ್ಳಲು ಆ ಕಡೆ ಹೋಗಿದ್ದೆ. ಮಧ್ಯಾಹ್ನ ಮುಂಡರಗಿಗೆ ವಾಪಸ್ಸು ಹೊರಟಾಗ ಸಿಕ್ಕದ್ದು ಫಕ್ಕೀರಪ್ಪನ ಟಂಟಂ. ಒಳಗೆ ಉಳ್ಳಾಗಡ್ಡಿ ಕೀಳಲು ಹೋಗಿದ್ದ ಹೆಂಗಸರು, ಕಾಲ ಬಳಿ ಒದ್ದೆ ಚೀಲಗಳು. ದೊಡ್ಡ ರಸ್ತೆಯ ಮೇಲೆ ನೀರು ಹರಿಯುತ್ತಿದೆ ಎಂದು ಎದುರಿಗೆ ಬಂದವರು ಹೇಳಿದರು. ಫಕ್ಕೀರಪ್ಪ ಗಾಡಿ ನಿಲ್ಲಿಸಿ ಫೋನ್ ತೆಗೆದ. ಪಂಚಾಯಿತಿಯಿಂದ ಎಲ್ಲ ಚಾಲಕರಿಗೂ ಕೊಟ್ಟಿದ್ದ ನಮ್ಮದೇ ನಕ್ಷೆ. ಗೌರವ್ವನ ಹಳ್ಳದ ಹಾದಿ ಹಸಿರಿತ್ತು. ಆ ಜಾಗ ನಾನು ನೋಡಿದ್ದಿಲ್ಲ. ಲಲಿತಾ ಅಳೆದ ಹಾದಿ ಎಂದು ನಿಶ್ಚಿಂತೆಯಿಂದ ಕೂತಿದ್ದೆ.

ಹಾದಿ ಕುಣಿಸುತ್ತಿತ್ತು. ನನ್ನ ಪಕ್ಕ ಕೂತ ನೀಲವ್ವ ಎಂಬಾಕೆ, "ಫಕ್ಕೀರಪ್ಪಾ, ನಿನ್ನ ಗಾಡ್ಯಾಗ ಕುಂತ್ರ ಒಂಬತ್ತ ತಿಂಗಳ ಕಾಯೂದ ಬ್ಯಾಡ ನೋಡ" ಎಂದಳು. ಎಲ್ಲರೂ ನಕ್ಕರು. ನಗು ಮುಗಿದಿರಲಿಲ್ಲ, ಗಾಡಿ ತಗ್ಗಿಗೆ ಇಳಿಯಿತು. ಪಾದ ಮುಳುಗುವಷ್ಟೇ ನೀರಿತ್ತು. ನಡುವೆ ಹೋದಾಗ ಹಿಂದಿನ ಗಾಲಿ ಎರಿಮಣ್ಣಿನಲ್ಲಿ ಕುಸಿದು ಎಂಜಿನ್ ನಿಂತಿತು.

ಮೊದಲು ಬಂದದ್ದು ಸಪ್ಪಳ. ಕಣದಲ್ಲಿ ಜೋಳದ ರಾಶಿ ಸುರಿದ ಹಾಗೆ. ಬಿಸಿಲು ಹಾಗೇ ಇತ್ತು. ಕೆರೆ ಕೋಡಿ ಬಿದ್ದ ನೀರು ಕೆಂಪಗೆ, ಕಸ ಹೊತ್ತುಕೊಂಡು, ನೋಡನೋಡುತ್ತಿದ್ದಂತೆ ಸೀಟಿನ ಎತ್ತರಕ್ಕೆ ಬಂತು. ಚೀಲಗಳು ತೇಲಿ ನಮ್ಮ ಮೊಳಕಾಲಿಗೆ ಬಡಿದವು. ಒಬ್ಬರ ಕೈ ಒಬ್ಬರು ಹಿಡಿದು ದಂಡೆಗೆ ಹೋಗೋಣ ಎಂದು ಫಕ್ಕೀರಪ್ಪ ಮುಂದೆ ಇಳಿದ. ಸಾಲು ಹಿಡಿದು ಇಳಿದೆವು. ಎಲ್ಲರಿಗಿಂತ ಹಿಂದೆ ನೀಲವ್ವ, ಅವಳ ಮುಂದೆ ನಾನು. ನನ್ನ ಎಡಗೈಯಲ್ಲಿ ಅವಳ ಬಲಗೈ. ದಂಡೆ ಇನ್ನೇನು ಸಿಕ್ಕಿತು ಎನ್ನುವಾಗ ಅವಳ ಕಾಲು ತಪ್ಪಿತು. ಮಣಿಕಟ್ಟು ಬಿಗಿಯಾಗಿ ಹಿಡಿದೆ. ಹಸಿರು ಬಳೆಗಳು ನನ್ನ ಅಂಗೈಯೊಳಗೆ ಒಡೆದವು, ಒಂದಾದ ಮೇಲೊಂದು. ಆಮೇಲೆ ಕೈಯಲ್ಲಿ ಬಳೆಚೂರು ಮಾತ್ರ ಇದ್ದವು.

ಇದು ಈಗಲೂ ನಡೆಯುತ್ತಿರುತ್ತದೆ. ಅನ್ನ ಕಲಸುವಾಗ, ಬಸ್ಸಿನಲ್ಲಿ ಕಂಬಿ ಹಿಡಿದಾಗ, ಯಾರಾದರೂ ಕೈಕುಲುಕಿದಾಗ. ಪ್ರತಿ ಸಲವೂ ಹಿಡಿದೇ ಇರುತ್ತೇನೆ, ಪ್ರತಿ ಸಲವೂ ಒಡೆಯುತ್ತವೆ.

ನೀಲವ್ವ ಸಾಯಲಿಲ್ಲ. ಕೆಳಗೆ ಜಾಲಿಕಂಟಿಯ ಒಂದು ದೊಡ್ಡ ಪೊದೆಗೆ ಸಿಕ್ಕಿಬಿದ್ದು, ಮುಳ್ಳು ಸಮೇತ ಅದನ್ನು ತಬ್ಬಿಕೊಂಡು, ನೀರು ಇಳಿಯುವ ತನಕ ಹಾಗೇ ಇದ್ದಳು. ಹೊರಗೆ ತಂದಾಗ ಬಲಗೈ ಮುರಿದಿತ್ತು, ಮೈಯೆಲ್ಲ ಮುಳ್ಳಿನ ಗೀರು. ಗದಗಿನ ಆಸ್ಪತ್ರೆಗೆ ಒಯ್ದರು. ಅವಳ ಗಂಡ ಯಲ್ಲಪ್ಪ ಸಿಟ್ಟಿನಲ್ಲಿ ಠಾಣೆಗೆ ಹೋಗಿ ದೂರು ಕೊಟ್ಟ. ಆ ಹಾದಿ ಅಳೆದವರು ಯಾರು ಎಂದು ಅಲ್ಲಿ ಇಲ್ಲಿ ಕೇಳಿದಾಗ ಸಿಕ್ಕದ್ದು ಲಲಿತಾಳ ಹೆಸರು. ಅದನ್ನೇ ಬರೆಸಿದ.

ಮರುದಿನ ಅಂಗೈಗೆ ಪಟ್ಟಿ ಕಟ್ಟಿಕೊಂಡೇ ಕಚೇರಿಗೆ ಹೋದೆ. ಲಲಿತಾ ನನ್ನ ಮುಖ ನೋಡಲಿಲ್ಲ. "ನಾ ಬರದಿದ್ದೆ, ಸುಮಾ. ಎರಡೂ ಎಚ್ಚರಿಕಿ ಬರದಿದ್ದೆ" ಎಂದಳು, ಅಷ್ಟೇ. ಇಬ್ಬರೂ ಕೂತು ಅವಳು ಕಳಿಸಿದ್ದ ಎಕ್ಸ್‌ಎಂಎಲ್ ಅನ್ನು ತಂತ್ರಾಂಶಕ್ಕೆ ಕೊಟ್ಟು, ಏನನ್ನೂ ತಿದ್ದದೆ ಹಾಗೇ ಹೊರಗೆ ಬರೆಸಿದೆವು. ಮೂರು ಎಚ್ಚರಿಕೆ ಒಳಗೆ ಹೋದವು. ಹೊರಗೆ ಬಂದದ್ದು ಒಂದು: ಹೊಣೆ ನಮ್ಮದಲ್ಲ ಎಂಬುದು. ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಆನಂದ ಸರ್ ತಮ್ಮ ಪೆಟ್ಟಿಗೆಯಲ್ಲಿ ಎಚ್ಚರಿಕೆಗೆಂದು ಒಂದೇ ಖಾನೆ ಇಟ್ಟಿದ್ದರು. ಅದೇ ಹೆಸರಿನ ಎರಡನೆಯ ಟ್ಯಾಗ್ ಬಂದಾಗ ತಂತ್ರಾಂಶ ಮೊದಲನೆಯದನ್ನು ತೆಗೆದು ಅದನ್ನು ಇಡುತ್ತಿತ್ತು, ಮೂರನೆಯದು ಬಂದಾಗ ಎರಡನೆಯದನ್ನು ತೆಗೆಯುತ್ತಿತ್ತು. ಯಾವ ಗದ್ದಲವೂ ಇಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ. ಹಳ್ಳದ ಬಗ್ಗೆ ಒಂದು ಮಾತೂ ಉಳಿಯದಿದ್ದರಿಂದ ಫೋನಿನ ನಕ್ಷೆ ಆ ಹಾದಿಗೆ ಹಸಿರು ಬಳಿದಿತ್ತು.

ಸರ್ ಅವರನ್ನು ಕರೆದು ತೋರಿಸಿದೆವು. ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಪರದೆಯ ಮೇಲೆ ಓದಿದರು. ಅವರ ಕುತ್ತಿಗೆ ಬೆವರಿದ್ದನ್ನು ನಾನು ಕಂಡೆ. ಈಗ ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಲಲಿತಾಳ ಕಡೆ ತಿರುಗಿ, ಬೇರೆ ಬೇರೆ ಯಾಕೆ ಬರೆದೆ, ಕಚೇರಿಯ ಸಾಲಿನ ಜೊತೆಗೇ ಎಲ್ಲ ಕೂಡಿಸಿ ಒಂದರಲ್ಲಿ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ ಎಂದರು.

ಲಲಿತಾ ಎದ್ದು ನಿಂತಳು. "ಹನುಮವ್ವ ಕಣ್ಣಿಲೆ ಕಂಡದ್ದು ಹನುಮವ್ವಂದು. ನಾ ಅಳೀದ ಬಿಟ್ಟದ್ದು ನಂದು. ಅಕಿ ಮಾತಿನಾಗ ನನ್ನ ಮಾತ ಕಲಸಿದ್ರ ನಾಳೆ ಯಾರನ್ನ ಕೇಳ್ತೀರಿ? ಎಷ್ಟ ಎಚ್ಚರಿಕಿ ಇದ್ರೂ ಅಷ್ಟೂ ಬ್ಯಾರೆ ಬ್ಯಾರೆ ಬರೀಬಹುದು ಅಂತ ಮೆಟಾಡೇಟಾದ ನಿಯಮ ಬರದಿರೂ ಸ್ಟ್ಯಾಂಡರ್ಡ್‌ನಾಗ ಐತ್ರಿ. ಓದ್ರಿ."

ಅವರು ಓದಲಿಲ್ಲ. ಎರಡು ದಿನ ಬಿಟ್ಟು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ಚಹಾ ತರಿಸಿದರು. ನಕ್ಷೆ ಹಂಚಿದ ಪಂಚಾಯಿತಿ ಕಡೆಯಿಂದ ತನಿಖೆಗೆ ಅಧಿಕಾರಿ ಬರುತ್ತಾರೆ, ಹಳ್ಳದಲ್ಲಿ ಇದ್ದವಳು ನೀನು, ನಕ್ಷೆ ಪರೀಕ್ಷಿಸುವವಳೂ ನೀನೇ, ನಿನ್ನ ಮಾತಿಗೆ ತೂಕ ಇದೆ ಎಂದರು. ಕ್ಷೇತ್ರದ ಸಿಬ್ಬಂದಿ ಎಚ್ಚರಿಕೆಯನ್ನು ಸರಿಯಾದ ಕ್ರಮದಲ್ಲಿ ನಮೂದಿಸಿರಲಿಲ್ಲ ಎಂದು ಒಂದು ಸಾಲು ಹೇಳಿದರೆ ಸಾಕು. ಅವಳಿಗೆ ಬೇರೆ ಕಡೆ ಕೆಲಸ ಸಿಗುತ್ತದೆ, ಈ ಕಚೇರಿ ಮುಚ್ಚಿದರೆ ಎಷ್ಟು ಮನೆ ಬೀದಿಗೆ ಬೀಳುತ್ತವೆ ಯೋಚಿಸು ಎಂದರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ, ನಿಜವಾಗಿಯೂ ಹೆದರಿದ್ದರು. ಆದರೆ ಠಾಣೆಯಲ್ಲಿ ಹೆಸರು ಬರೆಸಿಕೊಂಡ ಸರ್ವೇಯರ್‌ಗೆ ಯಾರು ಕೆಲಸ ಕೊಡುತ್ತಾರೆ? ಚಹಾ ಕುಡಿಯದೆ ಎದ್ದು ಬಂದೆ. ಆ ಸಾಲು ನಾನು ಹೇಳುವುದಿಲ್ಲ ಎಂದು ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ.  

ವಿಚಾರಣೆ ಮುಂಡರಗಿಯ ಒಂದು ಸಭಾಭವನದಲ್ಲಿ ನಡೆಯಿತು. ಬಂದ ಅಧಿಕಾರಿ ವಯಸ್ಸಾದವರು, ಕನ್ನಡಕ ಹಣೆಗೇರಿಸಿ ಮಾತಾಡುವವರು. ನಾವು, ಫಕ್ಕೀರಪ್ಪ, ಅವತ್ತಿನ ಹೆಂಗಸರಲ್ಲಿ ಕೆಲವರು, ಗಂಡನ ಜೊತೆ ನೀಲವ್ವ. ಅವಳ ಕೈ ಕೊರಳಿಗೆ ಕಟ್ಟಿತ್ತು. ಆನಂದ ಸರ್ ಗೋಡೆಯ ಮೇಲೆ ನಕ್ಷೆ ಮೂಡಿಸಿ ಇಂಗ್ಲಿಷ್ ಬೆರೆಸಿ ಬಹಳ ಹೊತ್ತು ಮಾತಾಡಿದರು. ಕೊನೆಗೆ, ನಮೂದಿನ ಕ್ರಮದಲ್ಲಿ ದೋಷ ಎಂದರು. ಲಲಿತಾ ಕೈ ಎತ್ತಿದಳು. ತನ್ನ ಮನೆಯ ಹೊಸ್ತಿಲಿನ ಪದ್ಧತಿಯನ್ನು ಅಧಿಕಾರಿಗೆ ಹೇಳಿ, ಸರ್ ಅವರ ತಂತ್ರಾಂಶದಿಂದ ಈಗ, ಇಲ್ಲೇ, ಎಲ್ಲರ ಎದುರಿಗೆ ತಿರುಗಿ ಹೇಳಿಸಲು ಕೇಳಿದಳು.

ಹಿಂದಿನ ಸಾಲಿನಲ್ಲಿದ್ದ ಹೆಂಗಸರಿಗೆ ಟ್ಯಾಗ್, ಎಕ್ಸ್‌ಎಂಎಲ್ ಏನೂ ತಿಳಿದಿರಲಿಲ್ಲ. ಇದು ತಿಳಿಯಿತು. ಹೇಳಸ್ರಿ, ಹೇಳಸ್ರಿ ಎಂದರು.

ಅಧಿಕಾರಿ ಕನ್ನಡಕ ಇಳಿಸಿಕೊಂಡು, ಆಗಲಿ ಎಂದರು. ಹಳೆಯ ಕಡತ ಬೇಡ, ಅದನ್ನು ನಾವು ಮೊದಲೇ ತಿದ್ದಿಟ್ಟಿದ್ದೇವೆ ಎಂದು ಸರ್ ಅನ್ನಬಹುದು ಎಂದು ಲಲಿತಾ ಅಲ್ಲೇ ಹೊಸದು ಮಾಡಿದಳು. ಒಂದು ಎಚ್ಚರಿಕೆಯನ್ನು ಫಕ್ಕೀರಪ್ಪನಿಂದ ಹೇಳಿಸಿದಳು, ಒಂದನ್ನು ನೀಲವ್ವನಿಂದ. ಮೂರನೆಯದು ಕಚೇರಿಯ ಸಾಲು. ಮೂರನ್ನೂ ಗೋಡೆಯ ಮೇಲೆ ಎಲ್ಲರೂ ಓದಿದರು, ಓದಲು ಬಾರದವರಿಗೆ ನಾನು ಓದಿ ಹೇಳಿದೆ. ಆನಂದ ಸರ್ ತಾವೇ ಗುಂಡಿ ಒತ್ತಬೇಕಾಯಿತು. ತಿರುಗಿ ಬಂದದ್ದು ಒಂದೇ.

"ನಂದೆಲ್ಲಿ ಹೋತ್ರಿ?" ಎಂದು ಕೇಳಿದ ಫಕ್ಕೀರಪ್ಪ.

 ಅಧಿಕಾರಿ ಕಾಗದ ಹತ್ತಿರ ಎಳೆದುಕೊಂಡು, ಸರಿ, ತಾಂತ್ರಿಕ ದೋಷ, ಯಾರದೂ ತಪ್ಪಿಲ್ಲ ಎಂದು ಬರೆದು ಮುಗಿಸೋಣ ಎಂದರು. ಎಲ್ಲರಿಗೂ ಊಟದ ಹೊತ್ತಾಗಿತ್ತು. ಸರ್ ಮುಖದಲ್ಲಿ ಜೀವ ಬಂತು. ಸಾಕ್ಷಿಯಾಗಿ ಸಹಿ ಮಾಡಲು ಅಧಿಕಾರಿ ಮೊದಲು ನನ್ನನ್ನು ಕರೆದರು. ಹೋಗಿ ಓದಿದೆ. ಯಾರದೂ ತಪ್ಪಿಲ್ಲ ಎಂದರೆ ಠಾಣೆಯಲ್ಲಿರುವ ಲಲಿತಾಳ ಹೆಸರು ಅಲ್ಲೇ ಇರುತ್ತದೆ. ಪೆನ್ನು ಕೆಳಗಿಟ್ಟೆ.

"ಸಾಹೇಬ್ರ, ಲಲಿತಾ ಎಚ್ಚರಿಕಿ ಬರದಿದ್ಲು. ಆನಂದ ಸರ್ ಅವರ ತಂತ್ರಾಂಶ ಅಳಿಸ್ತು. ಇಷ್ಟ ಬರೀರಿ. ಇಲ್ಲಾಂದ್ರ ನನ್ನ ಸಹಿ ಇಲ್ಲ."

ತಾಂತ್ರಿಕ ದೋಷ ಎಂದರೂ ಅದೇ ಅರ್ಥ ಎಂದರು ಅಧಿಕಾರಿ. ಅದೇ ಅರ್ಥ ಆಗಿದ್ದರೆ ಹಾಗೇ ಬರೆಯಲು ಏನು ಅಡ್ಡಿ ಎಂದು ಕೇಳಿದೆ. ನನಗೆ ದನಿ ಏರಿಸಿ ಮಾತಾಡುವ ರೂಢಿಯಿಲ್ಲ, ಅವತ್ತು ಏರಿತ್ತು. ಹಿಂದಿನಿಂದ ಫಕ್ಕೀರಪ್ಪ, ನನ್ನ ಸಹಿನೂ ಇಲ್ಲ ಎಂದ. ಅಧಿಕಾರಿ ನಮ್ಮಿಬ್ಬರನ್ನೂ ನೋಡಿ, ಉಸಿರು ಬಿಟ್ಟು, ಬರೆದದ್ದನ್ನು ಹೊಡೆದುಹಾಕಿ ನಾನು ಹೇಳಿದಂತೆ ಹೊಸದಾಗಿ ಬರೆದರು. ಬರೆದು ತಾವಾಗಿಯೇ ನನಗೆ ಓದಿ ಹೇಳಿದರು.

ನಾನು ಮತ್ತೆ ಆ ಕಚೇರಿಯ ಮೆಟ್ಟಿಲು ಹತ್ತಲಿಲ್ಲ, ಲಲಿತಾಳೂ ಹತ್ತಲಿಲ್ಲ. ಕೆಲಸ ಹೋದದ್ದಕ್ಕೆ ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವತ್ತು ಅದಕ್ಕೆ ಸಮಯವಿರಲಿಲ್ಲ. ಸಭಾಭವನದ ಹೊರಗೆ ನೀಲವ್ವ ನಮ್ಮನ್ನು ಕಾಯುತ್ತಿದ್ದಳು. ಯಲ್ಲಪ್ಪ ದೂರ ನಿಂತು ನೆಲ ನೋಡುತ್ತಿದ್ದ. ನೀಲವ್ವ ಲಲಿತಾಳನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ನಿನ್ನ ಹೆಸರ ಬರಸಿದ್ದು ಇಂವ. ತಗಸಾಕ ನಾ ಬರ್ತೀನಿ, ನಡಿ" ಎಂದಳು.

ಊಟ ಮಾಡದೆ ನಾಲ್ವರೂ ಠಾಣೆಗೆ ಹೋದೆವು. ಅಲ್ಲಿ ಬರೆಯಲು ಕೂತಿದ್ದವರು, ದೊಡ್ಡವರು ಹೊರಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ, ನಾಳೆ ಬನ್ನಿ ಎಂದರು. ಯಲ್ಲಪ್ಪ ಹೊರಡಲು ತಿರುಗಿದ. ನೀಲವ್ವ ಬೆಂಚಿನ ಮೇಲಿದ್ದ ಕಡತಗಳನ್ನು ಎಡಗೈಯಿಂದ ಒಂದು ಬದಿಗೆ ಸರಿಸಿದಳು.

"ಹರಿಯೂ ನೀರಾಗ ಮುಳ್ಳ ತಬ್ಬಿಕೊಂಡ ಕುಂತಾಕಿ ನಾ. ಇಲ್ಲಿ ಬೆಂಚ್ ಐತಿ, ಮ್ಯಾಲೆ ಫ್ಯಾನ್ ಐತಿ. ಅವರು ಬರಲಿ" ಎಂದು ಕೂತಳು. ನಮ್ಮ ಕಡೆ ನೋಡಿ, "ಕುಂಡ್ರರ್ವಾ" ಎಂದಳು.

ಕೂತೆವು. ಲಲಿತಾ ಕಿಸೆಯಿಂದ ಶೇಂಗಾ ತೆಗೆದು ಹಂಚಿದಳು. ನೀಲವ್ವನಿಗೆ ಒಂದೇ ಕೈಯಲ್ಲಿ ಸುಲಿಯಲು ಬಾರದೆ ನಾನು ಸುಲಿದು ಕೊಟ್ಟೆ. ಬರೆಯುವವರು ಎರಡು ಸಲ ನಮ್ಮನ್ನು ನೋಡಿ, ಮೂರನೆಯ ಸಲ ಫೋನ್ ತೆಗೆದು ದೊಡ್ಡವರಿಗೆ ಹಚ್ಚಿದರು. ಅವರು ಬಂದು, ನೀಲವ್ವನ ಹೇಳಿಕೆ ಬರೆಸಿಕೊಂಡು, ದೂರಿನಿಂದ ಲಲಿತಾಳ ಹೆಸರು ತೆಗೆಯುವ ತನಕ ನಾವು ಯಾರೂ ಆ ಬೆಂಚು ಬಿಟ್ಟು ಏಳಲಿಲ್ಲ.